ನಿಜವಾದ ಭಕ್ತ ಯಾರೆಂದು ಸರ್ಕಾರವೇ ತೀರ್ಮಾನಿಸತೊಡಗಿದರೆ

ಪ್ರಶ್ನೆ: ನಾನು ಜಮಖಂಡಿ ತಾಲ್ಲೂಕಿನ ಹಳ್ಳಿಯೊಂದರ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ. ನಮ್ಮೂರಲ್ಲಿ ಜಾತ್ರೆಯೂ ಇದೆ, ಉರುಸೂ ಇದೆ. ಮೊಹರಂನಲ್ಲಿ ಎಲ್ಲ ಜಾತಿಯವರೂ ಡೋಲಿ ಹೊರುತ್ತಾರೆ. ಆದರೆ ಡಿಗ್ರಿ ಓದುತ್ತಿರುವ ನನ್ನ ಮೊಮ್ಮಗ ಮೊಬೈಲಿನಲ್ಲಿ ದಿನಾಲೂ ಭಾಷಣ ಕೇಳಿ, "ಸರ್ಕಾರಕ್ಕೊಂದು ಧರ್ಮ ಇರಲೇಬೇಕು, ಎಲ್ಲರೂ ಅದಕ್ಕೆ ತಲೆಬಾಗಿದರೆ ಜಗಳವೇ ಇರುವುದಿಲ್ಲ" ಎಂದು ವಾದಿಸುತ್ತಾನೆ. ಧರ್ಮ ಒಳ್ಳೆಯದೇ ಆಗಿರುವಾಗ ಅದನ್ನು ಸರ್ಕಾರದಿಂದ ದೂರ ಇಡಬೇಕೇಕೆ? ಅಲ್ಲದೆ ನಮ್ಮ ಸರ್ಕಾರವೇ ಗುಡಿ ನಡೆಸುತ್ತದೆ, ವಕ್ಫ್ ಹೆಸರಿನಲ್ಲಿ ನೋಟಿಸ್ ಕಳಿಸುತ್ತದೆ, ಕಚೇರಿಯಲ್ಲಿ ಆಯುಧಪೂಜೆ ಮಾಡುತ್ತದೆ. ಹೀಗಿರುವಾಗ ಎರಡೂ ಬೇರೆ ಎಂದು ಅವನಿಗೆ ಹೇಗೆ ಹೇಳಲಿ?

ಉತ್ತರ: ಮಾನ್ಯ ಗುರುಗಳೇ, ತಮ್ಮ ಮೊಮ್ಮಗನ ಮಾತನ್ನು ಹುಡುಗಾಟವೆಂದು ತಳ್ಳಿಹಾಕಬೇಡಿ. ಅರಸನ ಧರ್ಮವೇ ರಾಜ್ಯದ ಧರ್ಮವಾಗಿರಬೇಕು, ಆಗಲೇ ರಾಜ್ಯ ಗಟ್ಟಿಯಾಗಿ ನಿಲ್ಲುತ್ತದೆ ಎಂಬುದನ್ನು ನಾಲ್ಕು ನೂರು ವರ್ಷಗಳ ಹಿಂದೆ ಜಗತ್ತಿನ ಬಹುಪಾಲು ಆಸ್ಥಾನಗಳಲ್ಲಿ ಯಾರೂ ಪ್ರಶ್ನಿಸುತ್ತಿರಲಿಲ್ಲ. ಆ ನಂಬಿಕೆ ಏಕೆ ಕುಸಿಯಿತು ಎಂಬುದನ್ನು ತಿಳಿಯಲು ದೂರದ ದೇಶಗಳಿಗೆ ಹೋಗಬೇಕಾದುದಿಲ್ಲ. ನಾನು ಈ ಉತ್ತರ ಬರೆಯುತ್ತಿರುವ ವಿಜಯಪುರದ ಇತಿಹಾಸವೇ ಮೊದಲ ಪಾಠಕ್ಕೆ ಸಾಕು.

ಆದಿಲ್‌ಶಾಹಿ ಮನೆತನವನ್ನು ಕಟ್ಟಿದ ಯೂಸುಫ್ ಆದಿಲ್ ಶಾಹ, ಇರಾನಿನ ಸಫವಿ ಅರಸರು ಶಿಯಾ ಪಂಥವನ್ನು ರಾಜಧರ್ಮವೆಂದು ಸಾರಿದ ಮರುವರ್ಷವೇ, ಅಂದರೆ 1502ರಲ್ಲಿ, ಇಲ್ಲಿಯೂ ಅದನ್ನೇ ರಾಜಧರ್ಮವನ್ನಾಗಿ ಮಾಡಿದನು. 1534ರಲ್ಲಿ ಪಟ್ಟಕ್ಕೆ ಬಂದ ಒಂದನೆಯ ಇಬ್ರಾಹಿಂ ಸುನ್ನಿ ಪಂಥವನ್ನು ತಂದನು. 1558ರಲ್ಲಿ ಅವನ ಮಗ ಒಂದನೆಯ ಅಲಿ ಮತ್ತೆ ಶಿಯಾ ಪಂಥಕ್ಕೆ ಮರಳಿದನು. 1580ರಲ್ಲಿ ಬಾಲಕನಾಗಿ ಸಿಂಹಾಸನವೇರಿದ ಎರಡನೆಯ ಇಬ್ರಾಹಿಮನ ಕಾಲಕ್ಕೆ ಸುನ್ನಿ ಪಂಥ ಪುನಃ ಬಂತು. ಇದು ಶುಕ್ರವಾರದ ನಮಾಜಿನ ಪ್ರವಚನವಾದ ಖುತ್ಬಾದಲ್ಲಿ ಯಾರ ಹೆಸರು ಓದಬೇಕು ಎಂಬಷ್ಟಕ್ಕೇ ಮುಗಿದ ವಿಷಯವಾಗಿರಲಿಲ್ಲ. ಅರಸನ ಪಂಥ ಬದಲಾದಾಗ ಆಸ್ಥಾನದ ನೌಕರಿಗಳೂ ಬದಲಾದವು. ಒಂದನೆಯ ಇಬ್ರಾಹಿಂ ಹೊರದೇಶದಿಂದ ಬಂದ ಅಫಾಕಿಗಳನ್ನು ದೊಡ್ಡ ಸಂಖ್ಯೆಯಲ್ಲಿ ಕೆಲಸದಿಂದ ತೆಗೆದು, ಇಲ್ಲಿಯೇ ನೆಲೆಸಿದ್ದ ದಖನಿಗಳನ್ನು ಇಟ್ಟುಕೊಂಡನು, ಕಂದಾಯದ ಲೆಕ್ಕವನ್ನು ಪಾರಸಿಯಿಂದ ದೇಶಭಾಷೆಗಳಿಗೆ ತಿರುಗಿಸಿದನು. ಅವನ ಮಗ ಅಫಾಕಿಗಳನ್ನು ಮರಳಿ ಕರೆಸಿದನು. (ಲೆಕ್ಕ ದೇಶಭಾಷೆಗೆ ಬಂದದ್ದು ನಮ್ಮ ಕಡೆಯ ಕುಲಕರ್ಣಿಗಳಿಗೆ ಲಾಭವಾಯಿತೆಂಬುದು ಬೇರೆ ಮಾತು.) ಇಲ್ಲಿ ಒಂದು ಅಂಶವನ್ನು ಮೊಮ್ಮಗನ ಗಮನಕ್ಕೆ ತರಬೇಕು. ಈ ಎಲ್ಲ ಏರುಪೇರು ನಡೆದದ್ದು ಎರಡು ಧರ್ಮಗಳ ನಡುವೆ ಅಲ್ಲ, ಒಂದೇ ಧರ್ಮದ ಒಳಗೆ. ರಾಜ್ಯಕ್ಕೆ ಒಂದೇ ಧರ್ಮವಿದ್ದರೆ ಜಗಳ ನಿಲ್ಲುತ್ತದೆ ಎನ್ನುವವರು, ಆ ಒಂದು ಧರ್ಮದ ಒಳಗೆ ಯಾರ ಮಾತು ಅಂತಿಮ ಎಂಬ ಜಗಳ ಅಲ್ಲಿಂದಲೇ ಆರಂಭವಾಗುತ್ತದೆ ಎಂಬುದನ್ನು ಮರೆಯುತ್ತಾರೆ.

ಎರಡನೆಯ ಇಬ್ರಾಹಿಮನ ಹೆಸರು ಬಂದಾಗ ನಮ್ಮ ಊರಿನವರು ಹೆಮ್ಮೆಯಿಂದ ಎದೆ ಉಬ್ಬಿಸುತ್ತೇವೆ, ಅದು ಸಹಜವೇ. ಅವನನ್ನು ಜನ 'ಜಗದ್ಗುರು ಬಾದಶಹಾ' ಎಂದರು. ಅವನು ದಖನಿ ಭಾಷೆಯಲ್ಲಿ ಬರೆದ 'ಕಿತಾಬ್-ಎ-ನವರಸ್' ಎಂಬ ಸಂಗೀತ ಗ್ರಂಥ ಸರಸ್ವತಿಯ ಸ್ತುತಿಯಿಂದ ಆರಂಭವಾಗುತ್ತದೆ. ಇನ್ನೂ ಹಿಂದೆ ಹೋದರೆ ಬಾದಾಮಿಯ ಒಂದೇ ಬೆಟ್ಟದಲ್ಲಿ ಶೈವ, ವೈಷ್ಣವ, ಜೈನ ಗುಹೆಗಳಿವೆ. ಐಹೊಳೆಯ ಮೇಗುತಿಯಲ್ಲಿ 634ರಲ್ಲಿ ಜೈನ ಬಸದಿ ಕಟ್ಟಿಸಿದ ರವಿಕೀರ್ತಿ ಇಮ್ಮಡಿ ಪುಲಕೇಶಿಯ ಕೃಪೆಯನ್ನು ಶಾಸನದಲ್ಲಿ ನೆನೆದಿದ್ದಾನೆ. ಈ ಪರಂಪರೆ ದೊಡ್ಡದು. ಆದರೆ ಇದನ್ನೇ ತೋರಿಸಿ "ನಮ್ಮಲ್ಲಿ ಎಲ್ಲವೂ ಮೊದಲೇ ಇತ್ತು, ಸಂವಿಧಾನ ಹೊಸದೇನನ್ನೂ ಕೊಡಲಿಲ್ಲ" ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಅರಸ ಉದಾರಿಯಾಗಿದ್ದರೆ ಪ್ರಜೆ ಸುಖಿ, ಅವನ ಮಗ ಹಾಗಿರದಿದ್ದರೆ ಪ್ರಜೆ ಕೇಳುವುದಾದರೂ ಯಾರನ್ನು? ಬಾದಶಹನ ಔದಾರ್ಯದ ಅಡಿಯಲ್ಲಿ ಬದುಕುವುದಕ್ಕೂ ಹಕ್ಕಿನ ಬಲದ ಮೇಲೆ ಬದುಕುವುದಕ್ಕೂ ಇರುವ ಅಂತರವನ್ನು, ದಾನವಾಗಿ ಸಿಕ್ಕ ಹೊಲಕ್ಕೂ ತನ್ನ ಹೆಸರಿನ ಉತಾರ (ಪಹಣಿ ಪತ್ರ) ಇರುವ ಹೊಲಕ್ಕೂ ಇರುವ ಅಂತರವನ್ನು ಬಲ್ಲ ನಮ್ಮ ರೈತರಿಗೆ ವಿವರಿಸಿ ಹೇಳಬೇಕಾದುದಿಲ್ಲ.

ಎರಡನೆಯ ಪಾಠವೂ ನಮ್ಮ ನೆಲದ್ದೇ. ಬಾಗೇವಾಡಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಐಕ್ಯರಾದ ಬಸವಣ್ಣನವರ ಕಥೆಯನ್ನು ತಾವು ಮಕ್ಕಳಿಗೆ ಎಷ್ಟೋ ಸಲ ಹೇಳಿರುತ್ತೀರಿ. ಪರಂಪರೆ ಹೇಳುವಂತೆ ಕಲ್ಯಾಣದಲ್ಲಿ ಬ್ರಾಹ್ಮಣ ಹುಟ್ಟಿನ ಮಧುವರಸನ ಮಗಳಿಗೂ ಸಮಗಾರ ಹರಳಯ್ಯನ ಮಗನಿಗೂ ಮದುವೆ ನಡೆದಾಗ ಸಂಪ್ರದಾಯಸ್ಥರು ಬಿಜ್ಜಳನ ಬಳಿಗೆ ದೂರು ಒಯ್ದರು, ಬಿಜ್ಜಳ ಆ ಇಬ್ಬರು ತಂದೆಯರಿಗೂ ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆ ಶಿಕ್ಷೆ ವಿಧಿಸಿದನು. ಈ ಮದುವೆಯನ್ನು ಇಷ್ಟಪಡದವರು ಅದಕ್ಕೆ ಹೋಗದೆ ಇರಬಹುದಾಗಿತ್ತು, ಅದರ ವಿರುದ್ಧ ವಾದಿಸಬಹುದಾಗಿತ್ತು, ಹೆಚ್ಚೆಂದರೆ ಸಂಬಂಧ ಕಡಿದುಕೊಳ್ಳಬಹುದಾಗಿತ್ತು. ಅವರು ಬೇಡಿದ್ದು ಅರಸನ ದಂಡವನ್ನು. ಆ ದಂಡ ಒಂದು ಪಕ್ಷದ ನಂಬಿಕೆಯ ಪರವಾಗಿ ಬಿದ್ದ ಮೇಲೆ ಎದುರು ಪಕ್ಷದ ಉತ್ತರವೂ ಆಯುಧದಿಂದಲೇ ಬಂತು: ಬಿಜ್ಜಳನ ಕೊಲೆಯಾಯಿತು, ಶರಣರು ದಿಕ್ಕಾಪಾಲಾದರು. ನನ್ನ ದೃಷ್ಟಿಯಲ್ಲಿ ಮತೀಯ ಉಗ್ರವಾದ ಎಂಬುದಕ್ಕೆ ಇದಕ್ಕಿಂತ ನಿಖರವಾದ ಚಿತ್ರ ಬೇರೆ ಬೇಕಿಲ್ಲ. ಭಕ್ತಿ ಎಷ್ಟೇ ಗಾಢವಾಗಿದ್ದರೂ ಅದು ಉಗ್ರವಾದವಲ್ಲ. ದಿನಕ್ಕೆ ಐದು ಸಲ ನಮಾಜು ಮಾಡುವವನೂ, ಮೂರು ಹೊತ್ತು ಇಷ್ಟಲಿಂಗ ಪೂಜಿಸುವವನೂ, ಕಾಲ್ನಡಿಗೆಯಲ್ಲಿ ಪಂಢರಪುರಕ್ಕೋ ಶ್ರೀಶೈಲಕ್ಕೋ ಹೋಗುವವನೂ ಉಗ್ರರಲ್ಲ. ನೀನು ನನ್ನಂತೆ ಬದುಕದಿದ್ದರೆ ನಿನ್ನನ್ನು ಬದುಕಗೊಡುವುದಿಲ್ಲ ಎನ್ನುವ ಹಂತಕ್ಕೆ ಬಂದಾಗ, ಮತ್ತು ಆ ಬೆದರಿಕೆಗೆ ಸರ್ಕಾರದ ಕೈಯನ್ನೋ ಗುಂಪಿನ ಕೈಯನ್ನೋ ಬಳಸಿಕೊಂಡಾಗ, ಅದೇ ಉಗ್ರವಾದ.

ಮೊಮ್ಮಗನ ವಾದವನ್ನು ಪೂರ್ತಿಯಾಗಿ ಪ್ರಯೋಗಕ್ಕೆ ಒಡ್ಡಿ ನೋಡಿದ ದೇಶವೊಂದು ನಮ್ಮ ಪಕ್ಕದಲ್ಲೇ ಇರುವುದರಿಂದ ಅದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. 1947ರ ಆಗಸ್ಟ್ 11ರಂದು ಪಾಕಿಸ್ತಾನದ ಸಂವಿಧಾನ ಸಭೆಯಲ್ಲಿ ಮಾತನಾಡಿದ ಜಿನ್ನಾ, ಯಾರು ಯಾವ ಧರ್ಮಕ್ಕೆ ಸೇರಿದವರೆಂಬುದಕ್ಕೂ ರಾಜ್ಯದ ವ್ಯವಹಾರಕ್ಕೂ ಸಂಬಂಧವಿಲ್ಲ ಎಂಬ ಅರ್ಥದ ಮಾತುಗಳನ್ನಾಡಿದ್ದರು. ಅವರು ತೀರಿಕೊಂಡ ಮೇಲೆ, 1949ರ ಮಾರ್ಚ್‌ನಲ್ಲಿ, ಅದೇ ಸಭೆ ಅಂಗೀಕರಿಸಿದ ಉದ್ದೇಶಗಳ ನಿರ್ಣಯವು ಪರಮಾಧಿಕಾರ ಅಲ್ಲಾಹನದು ಎಂದು ಸಾರಿ, ರಾಜ್ಯಕ್ಕೆ ಇಸ್ಲಾಮಿನ ಚೌಕಟ್ಟು ಹಾಕಿತು. ನಾಲ್ಕೇ ವರ್ಷಗಳಲ್ಲಿ ಪಂಜಾಬಿನಲ್ಲಿ ತಮ್ಮನ್ನು ಮುಸ್ಲಿಮರೆಂದೇ ಕರೆದುಕೊಳ್ಳುವ ಅಹ್ಮದೀಯ ಪಂಥದವರ ವಿರುದ್ಧ ಗಲಭೆ ಎದ್ದಿತು. ಅವರನ್ನು ಮುಸ್ಲಿಮೇತರರೆಂದು ಘೋಷಿಸಬೇಕು, ಅಹ್ಮದೀಯರಾಗಿದ್ದ ವಿದೇಶಾಂಗ ಸಚಿವ ಜಫರುಲ್ಲಾ ಖಾನರನ್ನು ತೆಗೆಯಬೇಕು ಎಂಬುದು ಬೇಡಿಕೆ. 1953ರಲ್ಲಿ ಲಾಹೋರಿಗೆ ಸೇನಾಡಳಿತ ತರಬೇಕಾಯಿತು. ಆ ಗಲಭೆಯ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಮುನೀರ್ ಮತ್ತು ನ್ಯಾಯಮೂರ್ತಿ ಕಯಾನಿ ತಮ್ಮ ಮುಂದೆ ಬಂದ ಹೆಸರಾಂತ ಧರ್ಮಪಂಡಿತರಿಗೆಲ್ಲ ಒಂದು ಸರಳ ಪ್ರಶ್ನೆ ಹಾಕಿದರು: ಮುಸ್ಲಿಮನೆಂದರೆ ಯಾರು? 1954ರ ಅವರ ವರದಿ ದಾಖಲಿಸಿರುವಂತೆ ಯಾವ ಇಬ್ಬರು ಪಂಡಿತರ ಉತ್ತರವೂ ಒಂದೇ ಆಗಿರಲಿಲ್ಲ. ಒಬ್ಬರ ವ್ಯಾಖ್ಯೆಯನ್ನು ಒಪ್ಪಿದರೆ ಉಳಿದವರೆಲ್ಲ ಧರ್ಮದ ಹೊರಗೆ ಬೀಳುತ್ತಿದ್ದರು.

ಪಂಡಿತರಿಗೆ ಸಾಧ್ಯವಾಗದ ಆ ಕೆಲಸವನ್ನು ಮುಂದೆ ಸಂಸತ್ತು ಕೈಗೆತ್ತಿಕೊಂಡಿತು. 1974ರಲ್ಲಿ ಸಂವಿಧಾನ ತಿದ್ದುಪಡಿಯ ಮೂಲಕ ಅಹ್ಮದೀಯರನ್ನು ಮುಸ್ಲಿಮೇತರರೆಂದು ಸಾರಲಾಯಿತು; ಇದನ್ನು ಮಾಡಿದ್ದು ಸೇನಾಧಿಕಾರಿಯಲ್ಲ, ಚುನಾಯಿತ ಸರ್ಕಾರ ಎಂಬುದನ್ನು ಗಮನಿಸಬೇಕು. 1984ರಲ್ಲಿ ಜಿಯಾ ಉಲ್ ಹಕ್ ಅವರ ಸುಗ್ರೀವಾಜ್ಞೆ, ಅಹ್ಮದೀಯರು ತಮ್ಮ ಪ್ರಾರ್ಥನಾ ಸ್ಥಳವನ್ನು ಮಸೀದಿ ಎಂದು ಕರೆಯುವುದನ್ನೂ ಅಪರಾಧವನ್ನಾಗಿಸಿತು. 1979ರಲ್ಲಿ ಭೌತವಿಜ್ಞಾನಕ್ಕೆ ನೊಬೆಲ್ ಪಡೆದ ಅಬ್ದುಸ್ ಸಲಾಂ ಅವರ ಗೋರಿಕಲ್ಲಿನ ಮೇಲಿದ್ದ 'ಮುಸ್ಲಿಂ' ಎಂಬ ಪದವನ್ನು ಅಳಿಸಿಹಾಕಲಾಯಿತು. 2011ರ ಜನವರಿ 4ರಂದು, ಧರ್ಮನಿಂದನೆಯ ಕಾನೂನಿನಡಿ ಮರಣದಂಡನೆಗೆ ಗುರಿಯಾಗಿದ್ದ ಕ್ರೈಸ್ತ ಮಹಿಳೆ ಆಸಿಯಾ ಬೀಬಿಯ ಪರವಾಗಿ ಮಾತನಾಡಿದ ಪಂಜಾಬಿನ ರಾಜ್ಯಪಾಲ ಸಲ್ಮಾನ್ ತಾಸೀರರನ್ನು ಅವರ ಅಂಗರಕ್ಷಕನೇ ಗುಂಡಿಟ್ಟು ಕೊಂದನು. ಸರ್ಕಾರ ಕೊಟ್ಟ ಬಂದೂಕು ಅದು. ಕೊಂದವನು ನ್ಯಾಯಾಲಯಕ್ಕೆ ಬಂದಾಗ ಕೆಲವು ವಕೀಲರು ಹೂವಿನ ಎಸಳು ಎರಚಿದರು. ಆಸಿಯಾ ಬೀಬಿ ನಿರ್ದೋಷಿಯೆಂದು ಆ ದೇಶದ ಸುಪ್ರೀಂ ಕೋರ್ಟೇ 2018ರಲ್ಲಿ ತೀರ್ಪು ಕೊಟ್ಟಿತು. ನಿಜವಾದ ಭಕ್ತ ಯಾರೆಂದು ತೀರ್ಮಾನಿಸುವ ಅಧಿಕಾರವನ್ನು ಸರ್ಕಾರ ಒಮ್ಮೆ ತನ್ನದೆಂದು ಒಪ್ಪಿಕೊಂಡರೆ, ಅದೇ ಅಧಿಕಾರವನ್ನು ಬೀದಿಯಲ್ಲಿರುವ ಪ್ರತಿಯೊಬ್ಬನೂ ತನ್ನದೆಂದು ಎತ್ತಿಕೊಳ್ಳುತ್ತಾನೆ.

ಇದು ಒಂದು ಧರ್ಮಕ್ಕೆ ಅಂಟಿದ ರೋಗವೆಂದು ಮೊಮ್ಮಗ ಹೇಳಿದರೆ ಶ್ರೀಲಂಕೆಯ ಕಡೆಗೆ ತೋರಿಸಿ. 1956ರಲ್ಲಿ ಬೌದ್ಧ ಭಿಕ್ಷುಗಳ ಬೆಂಬಲದಿಂದ ಗೆದ್ದು ಪ್ರಧಾನಿಯಾದ ಬಂಡಾರನಾಯಿಕೆ ಅವರನ್ನು 1959ರ ಸೆಪ್ಟೆಂಬರ್‌ನಲ್ಲಿ ಭಿಕ್ಷುವೊಬ್ಬನು ಅವರ ಮನೆಯಲ್ಲೇ ಗುಂಡು ಹಾರಿಸಿ ಕೊಂದನು. ಆ ಸಂಚಿಗಾಗಿ ಶಿಕ್ಷೆಗೆ ಒಳಗಾದವರಲ್ಲಿ, ಚುನಾವಣೆಯಲ್ಲಿ ಅವರಿಗಾಗಿ ದುಡಿದಿದ್ದ ಕೆಲನಿಯ ವಿಹಾರದ ಮುಖ್ಯ ಭಿಕ್ಷುವೂ ಇದ್ದನು. ಅಲ್ಲಿ ವ್ಯಾಪಾರದ ಗುತ್ತಿಗೆಯ ಸಿಟ್ಟೂ ಬೆರೆತಿತ್ತು ಎಂಬುದನ್ನು ಮುಚ್ಚಿಡಬಾರದು; ಆದರೆ ಭಿಕ್ಷುವೊಬ್ಬನು ಸರ್ಕಾರದ ಗುತ್ತಿಗೆಯನ್ನು ನಿರೀಕ್ಷಿಸುವ ಸ್ಥಿತಿ ಬಂದದ್ದೇ ವಿಹಾರ ಮತ್ತು ಅಧಿಕಾರ ಒಂದಕ್ಕೊಂದು ಹೆಣೆದುಕೊಂಡದ್ದರಿಂದ. ಇನ್ನು ನಮ್ಮ ಮನೆಯಂಗಳದ ಮಾತು. ಸಿಂದಗಿ ತಾಲ್ಲೂಕಿನ ಯರಗಲ್ಲಿನಲ್ಲಿ ಹುಟ್ಟಿ ವಚನ ಮತ್ತು ಶಾಸನಗಳ ಸಂಶೋಧನೆಗೆ ಆಯುಷ್ಯ ಸವೆಸಿದ ಡಾ. ಎಂ.ಎಂ. ಕಲಬುರ್ಗಿ ಅವರನ್ನು 2015ರ ಆಗಸ್ಟ್ 30ರ ಬೆಳಗ್ಗೆ ಧಾರವಾಡದ ಅವರ ಮನೆಯಲ್ಲೇ ಗುಂಡಿಕ್ಕಿ ಕೊಲ್ಲಲಾಯಿತು. ಅವರ ಅಭಿಪ್ರಾಯಗಳನ್ನು ಒಪ್ಪದವರು ನಮ್ಮ ಜಿಲ್ಲೆಯಲ್ಲೇ ಬಹಳ ಮಂದಿ ಇದ್ದರು, ನಾನೂ ಕೆಲವನ್ನು ಒಪ್ಪುತ್ತಿರಲಿಲ್ಲ. ಒಪ್ಪದಿರುವುದಕ್ಕೆ ಲೇಖನಿ ಸಾಕಾಗುತ್ತಿತ್ತು.

ಹಾಗಾದರೆ ನಮ್ಮ ಸಂವಿಧಾನ ಮಾಡಿದ ಏರ್ಪಾಡು ಯಾವುದು ಎಂಬ ತಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಅಮೆರಿಕದ ಮೊದಲನೆಯ ತಿದ್ದುಪಡಿ 1791ರದು. ಅದರ ಅರ್ಥವನ್ನು ವಿವರಿಸುತ್ತ ಜೆಫರ್ಸನ್ 1802ರಲ್ಲಿ ಚರ್ಚು ಮತ್ತು ಸರ್ಕಾರದ ನಡುವಿನ ಗೋಡೆ ಎಂಬ ಹೋಲಿಕೆಯನ್ನು ಬಳಸಿದರು. ಫ್ರಾನ್ಸ್ 1905ರ ಕಾಯ್ದೆಯಿಂದ ಪಾದ್ರಿಗಳಿಗೆ ಸರ್ಕಾರಿ ಸಂಬಳವನ್ನು ನಿಲ್ಲಿಸಿತು. ನಮ್ಮವರು ಗೋಡೆ ಕಟ್ಟಲಿಲ್ಲ. ಇಲ್ಲಿ ಗುಡಿಯ ಬಾಗಿಲು ದಲಿತರಿಗೆ ಮುಚ್ಚಿತ್ತು. ಸರ್ಕಾರ ಗೋಡೆಯ ಆಚೆ ಕೈಕಟ್ಟಿ ನಿಂತಿದ್ದರೆ ಆ ಬಾಗಿಲು ಮುಚ್ಚಿಯೇ ಇರುತ್ತಿತ್ತು. ಆದ್ದರಿಂದ 25ನೆಯ ವಿಧಿ ಪ್ರತಿಯೊಬ್ಬರಿಗೂ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಸ್ವಾತಂತ್ರ್ಯ ಕೊಟ್ಟಿತಾದರೂ ಅದನ್ನು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಮತ್ತು ಇತರ ಮೂಲಭೂತ ಹಕ್ಕುಗಳಿಗೆ ಒಳಪಡಿಸಿತು, ಜೊತೆಗೆ ಸಮಾಜ ಸುಧಾರಣೆಗೆ ಕಾನೂನು ಮಾಡುವ ಅಧಿಕಾರವನ್ನು ಸರ್ಕಾರದ ಬಳಿ ಉಳಿಸಿತು. 27ನೆಯ ವಿಧಿ ಯಾವುದೇ ಒಂದು ಧರ್ಮದ ಪೋಷಣೆಗೆಂದು ತೆರಿಗೆ ಕಟ್ಟುವಂತೆ ಯಾರನ್ನೂ ಒತ್ತಾಯಿಸಬಾರದು ಎನ್ನುತ್ತದೆ. ತಾವು ಶಿಕ್ಷಕರಾದುದರಿಂದ 28ನೆಯ ವಿಧಿ ಗೊತ್ತಿರುತ್ತದೆ: ಪೂರ್ತಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇಲ್ಲ. ಧರ್ಮಗಳ ಬಗ್ಗೆ ತಿಳಿವಳಿಕೆ ಕೊಡುವುದಕ್ಕೆ ಇದು ಅಡ್ಡಿಯಲ್ಲವೆಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದೆ. ಬಸವಣ್ಣನವರನ್ನೂ ಪೈಗಂಬರರನ್ನೂ ಏಸುವನ್ನೂ ಪಾಠವಾಗಿ ಹೇಳಿಕೊಡುವುದು ಬೇರೆ, ತರಗತಿಯಲ್ಲಿ ದೀಕ್ಷೆ ಕೊಡುವುದು ಬೇರೆ.

ಇಂಗ್ಲಿಷಿನಲ್ಲಿ 'ಸೆಕ್ಯುಲರಿಸಂ' ಎನ್ನುವ ಈ ತತ್ತ್ವಕ್ಕೆ ಕನ್ನಡದಲ್ಲಿ ಒಮ್ಮತದ ಹೆಸರೇ ಇಲ್ಲದಿರುವುದು ಗೊಂದಲವನ್ನು ಹೆಚ್ಚಿಸಿದೆ ಎಂದು ನನಗೆ ಅನ್ನಿಸುತ್ತದೆ. ಜಾತ್ಯತೀತ, ಧರ್ಮನಿರಪೇಕ್ಷ, ಸರ್ವಧರ್ಮ ಸಮಭಾವ ಎಂದು ಮೂರು ಪದಗಳನ್ನು ಮನಬಂದಂತೆ ಬಳಸುತ್ತೇವೆ. ಮೊದಲನೆಯದು ಜಾತಿಯ ಮಾತಾಡುತ್ತದೆ. ಮೂರನೆಯದು ಎಲ್ಲ ಧರ್ಮಗಳಿಗೂ ಸಮನಾಗಿ ನಮಸ್ಕರಿಸು ಎನ್ನುತ್ತದೆ. ಸಮನಾಗಿ ನಮಸ್ಕರಿಸುವುದು ವ್ಯಕ್ತಿಗೆ ಒಳ್ಳೆಯ ಗುಣ, ಆದರೆ ಸರ್ಕಾರಕ್ಕೆ ಅದು ಅಷ್ಟು ಸುಲಭವಲ್ಲ. ಎಲ್ಲರಿಗೂ ನಮಸ್ಕರಿಸಲು ಹೊರಟ ಸರ್ಕಾರ ಯಾರಿಗೆ ಮೊದಲು, ಯಾರಿಗೆ ಎಷ್ಟು ಅನುದಾನ, ಯಾರ ಜಯಂತಿಗೆ ರಜೆ ಎಂಬ ಸರದಿಯ ಲೆಕ್ಕದಲ್ಲಿ ಮುಳುಗುತ್ತದೆ, ಮತ್ತು ಯಾವ ದೇವರನ್ನೂ ನಂಬದವನು ಆ ಸರದಿಯಲ್ಲೇ ಇರುವುದಿಲ್ಲ. 'ಸೆಕ್ಯುಲರ್' ಎಂಬ ಪದ 1976ರ 42ನೆಯ ತಿದ್ದುಪಡಿಯಿಂದ ಪೀಠಿಕೆಗೆ ಸೇರಿತು, ಆದ್ದರಿಂದ ಅದು ಹೊರಗಿನಿಂದ ತುರುಕಿದ್ದು ಎಂದು ಭಾಷಣಕಾರರು ಹೇಳುವುದುಂಟು. ಪದ ಬಂದದ್ದು ಆಗ. ಮೇಲೆ ಹೇಳಿದ ವಿಧಿಗಳು ಮೊದಲಿನಿಂದಲೂ ಇವೆ. ನಮ್ಮ ಉತ್ತರ ಕರ್ನಾಟಕದವರೇ ಆದ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರವನ್ನು 1989ರಲ್ಲಿ ವಜಾ ಮಾಡಿದ್ದರಿಂದ ಹುಟ್ಟಿದ ಮೊಕದ್ದಮೆಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು, ಈ ತತ್ತ್ವ ಸಂವಿಧಾನದ ಮೂಲ ಸ್ವರೂಪದ ಭಾಗವೆಂದು ಸ್ಪಷ್ಟಪಡಿಸಿತು.

ಈಗ ಗುಡಿ ಮತ್ತು ವಕ್ಫ್. ಮುಜರಾಯಿ ಇಲಾಖೆ 1997ರ ಕಾಯ್ದೆಯಡಿ ಕೆಲಸ ಮಾಡುತ್ತದೆ. ಆದಾಯಕ್ಕೆ ತಕ್ಕಂತೆ ದೇವಸ್ಥಾನಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಹೆಚ್ಚು ಆದಾಯದವುಗಳಿಂದ ಒಂದು ಪಾಲನ್ನು ಸಾಮಾನ್ಯ ಸಂಗ್ರಹಣಾ ನಿಧಿಗೆ ಪಡೆದು ಬಡ ದೇವಸ್ಥಾನಗಳಿಗೂ ಅರ್ಚಕರಿಗೂ ನೆರವಾಗುವುದು ಅದರ ಉದ್ದೇಶ. ಈ ನಿಧಿ ಬೇರೆ ಧರ್ಮದವರಿಗೆ ಹೋಗುತ್ತದೆ ಎಂದು ಮೊಬೈಲಿನಲ್ಲಿ ಹರಿದಾಡುವ ಮಾತು ಸರಿಯಲ್ಲ. ಅದು ಹಿಂದೂ ಧಾರ್ಮಿಕ ಸಂಸ್ಥೆಗಳಿಗಾಗಿಯೇ ಇರುವ ನಿಧಿ. ಹುಂಡಿಯ ಲೆಕ್ಕ ತಪಾಸಣೆ, ಜಮೀನಿನ ರಕ್ಷಣೆ, ಜಾತ್ರೆಯ ನೀರು ಮತ್ತು ನೈರ್ಮಲ್ಯ, ಇವು ಸರ್ಕಾರದ ಕೆಲಸಗಳೇ. ಆದರೆ ವ್ಯವಸ್ಥಾಪನಾ ಸಮಿತಿಯನ್ನು ಆಡಳಿತ ಪಕ್ಷದ ಕಾರ್ಯಕರ್ತರಿಂದ ತುಂಬುವ ರೂಢಿಯನ್ನು ನಾನು ಸಮರ್ಥಿಸಲಾರೆ. ಅಲ್ಲಿ ಧರ್ಮ ಸರ್ಕಾರವನ್ನು ಹಿಡಿದಿಲ್ಲ, ಸರ್ಕಾರವೇ ಧರ್ಮವನ್ನು ಹಿಡಿದಿದೆ, ಅದೂ ಅಷ್ಟೇ ಕೆಟ್ಟದ್ದು.

ವಕ್ಫ್ ವಿಷಯದಲ್ಲಿ 2024ರ ಅಕ್ಟೋಬರ್ ತಿಂಗಳು ನಮ್ಮ ಜಿಲ್ಲೆಗೆ ದೊಡ್ಡ ಪಾಠ ಕಲಿಸಿತು. ತಿಕೋಟಾ ತಾಲ್ಲೂಕಿನ ಹೊನವಾಡವೂ ಸೇರಿ ಹಲವು ಹಳ್ಳಿಗಳ ರೈತರು ತಮ್ಮ ಹೊಲಗಳಿಗೆ ವಕ್ಫ್ ಹೆಸರು ಬರುತ್ತಿದೆಯೆಂದು ಬೀದಿಗಿಳಿದರು. ಕೆಲವರ ಉತಾರದ 11ನೆಯ ಕಾಲಮ್ಮಿನಲ್ಲಿ ನಮೂದು ಆಗಿಯೇ ಹೋಗಿತ್ತು. ನವೆಂಬರ್‌ನಲ್ಲಿ ಮುಖ್ಯಮಂತ್ರಿಗಳು ನೋಟಿಸುಗಳನ್ನು ಹಿಂಪಡೆಯಲು ಸೂಚಿಸಿದರು. ಮೂಲದಲ್ಲಿ ಇದು ಗೆಜೆಟ್, ಸರ್ವೆ ನಂಬರ್, ಭೂಸುಧಾರಣೆಯಲ್ಲಿ ಉಳುವವನಿಗೆ ಬಂದ ಹಕ್ಕು, ಇವುಗಳ ಪ್ರಶ್ನೆ, ಅಂದರೆ ಕಂದಾಯ ದಫ್ತರದ ಪ್ರಶ್ನೆ. ರೈತನ ಸಿಟ್ಟು ನ್ಯಾಯವಾದದ್ದೇ ಆಗಿತ್ತು, ಏಕೆಂದರೆ ತಲೆಮಾರುಗಳಿಂದ ಉಳುತ್ತಿರುವವನನ್ನು ಕೇಳದೆ ದಾಖಲೆ ತಿದ್ದುವ ಅಧಿಕಾರ ಯಾವ ಕಚೇರಿಗೂ ಇರಬಾರದು. ಆದರೆ ಆ ಸಿಟ್ಟು ತಹಶೀಲ್ದಾರರ ಕಡತದಿಂದ ನೆರೆಮನೆಯ ಮುಸ್ಲಿಂ ರೈತನ ಕಡೆಗೆ ತಿರುಗಲು ಎಷ್ಟು ದಿನ ಹಿಡಿಯಿತೆಂಬುದನ್ನು ತಾವೂ ನೋಡಿರಬಹುದು. ಅವನ ಹೊಲಕ್ಕೂ ನೋಟಿಸು ಬಂದಿದ್ದೀತು ಎಂಬುದು ಯಾರಿಗೂ ಹೊಳೆಯಲಿಲ್ಲ. ಸರ್ಕಾರದ ಒಂದು ಅಂಗ ಧರ್ಮದ ಹೆಸರು ಹೊತ್ತು ನಿಂತಾಗ, ಅದರ ಗುಮಾಸ್ತನ ತಪ್ಪೂ ಒಂದು ಸಮುದಾಯದ ತಪ್ಪಾಗಿ ಕಾಣುತ್ತದೆ.

ನಮ್ಮ ನ್ಯಾಯಾಲಯಗಳೂ ಈ ಬಲೆಯಿಂದ ಪೂರ್ತಿ ತಪ್ಪಿಸಿಕೊಂಡಿಲ್ಲ ಎಂಬುದು ನನ್ನ ಅಭಿಪ್ರಾಯ. 1954ರಲ್ಲಿ ಉಡುಪಿಯ ಶೀರೂರು ಮಠದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಒಂದು ಧರ್ಮಕ್ಕೆ ಅತ್ಯಗತ್ಯವಾದ ಆಚರಣೆ ಯಾವುದೆಂಬುದನ್ನು ಆ ಧರ್ಮದ ಸಿದ್ಧಾಂತಗಳಿಂದಲೇ ತಿಳಿಯಬೇಕು ಎಂದಿತು. ಮಠಗಳ ಸ್ವಾತಂತ್ರ್ಯ ಉಳಿಸಲು ಹೇಳಿದ ಆ ಮಾತೇ ಬರುಬರುತ್ತ, ಯಾವುದು ಅತ್ಯಗತ್ಯ ಯಾವುದು ಅಲ್ಲ ಎಂದು ನ್ಯಾಯಮೂರ್ತಿಗಳೇ ಗ್ರಂಥ ತಿರುವಿ ನಿರ್ಣಯಿಸುವ ಪದ್ಧತಿಯಾಯಿತು. ಹಿಜಾಬ್ ಮೊಕದ್ದಮೆಯಲ್ಲಿ 2022ರ ಮಾರ್ಚ್ 15ರಂದು ನಮ್ಮ ಹೈಕೋರ್ಟ್ ಅದು ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ ಎಂದಿತು; ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟಾಗ ಅವರಲ್ಲೊಬ್ಬರಾದ ನ್ಯಾ. ಧೂಲಿಯಾ ಆ ಪ್ರಶ್ನೆಯೇ ಇಲ್ಲಿ ಬೇಕಿರಲಿಲ್ಲ, ಹುಡುಗಿಯ ಆಯ್ಕೆ ಮತ್ತು ಶಿಕ್ಷಣ ಮುಖ್ಯ ಎಂದರು. ಫಲಿತಾಂಶ ಏನೇ ಆಗಲಿ, ಪ್ರಶ್ನೆ ಕೇಳುವ ಆ ರೀತಿ ನನಗೆ ಸರಿಕಾಣುತ್ತದೆ.

ಏಕೆಂದರೆ ಸರಿಯಾದ ರೀತಿಯ ಉದಾಹರಣೆಯೊಂದು ನಮ್ಮ ಸವದತ್ತಿಯಲ್ಲೇ ಇದೆ. ಯಲ್ಲಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವ ಪದ್ಧತಿಯನ್ನು, ಬೆಳಗಾವಿ ಮತ್ತು ಅಂದಿನ ವಿಜಾಪುರ ಜಿಲ್ಲೆಗಳು ಮುಂಬಯಿ ಪ್ರಾಂತದಲ್ಲಿದ್ದಾಗಲೇ 1934ರ ಕಾನೂನು ನಿಷೇಧಿಸಿತ್ತು; ಬಳಿಕ 1982ರ ಕರ್ನಾಟಕ ದೇವದಾಸಿ ಕಾಯ್ದೆ ಬಂತು. ಮುತ್ತು ಕಟ್ಟುವುದು ನಿಜವಾದ ಭಕ್ತಿಯೋ ಅಲ್ಲವೋ, ಯಲ್ಲಮ್ಮನಿಗೆ ಅದು ಒಪ್ಪಿಗೆಯೋ ಇಲ್ಲವೋ ಎಂಬ ತರ್ಕಕ್ಕೆ ಕಾನೂನು ಇಳಿಯಲಿಲ್ಲ. ನಿಮ್ಮ ನಂಬಿಕೆ ಏನೇ ಇರಲಿ, ಈ ಹುಡುಗಿಯನ್ನು ಅರ್ಪಿಸುವಂತಿಲ್ಲ ಎಂದಷ್ಟೇ ಹೇಳಿತು. ಯಲ್ಲಮ್ಮನ ಗುಡ್ಡಕ್ಕೆ ಭರತ ಹುಣ್ಣಿಮೆಗೆ ಲಕ್ಷಗಟ್ಟಲೆ ಜನ ಇಂದಿಗೂ ಬರುತ್ತಾರೆ, 'ಉಧೋ ಉಧೋ' ಎನ್ನುತ್ತಾರೆ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಕಾನೂನೊಂದರಿಂದಲೇ ಪದ್ಧತಿ ನಿಲ್ಲಲಿಲ್ಲ ಎಂಬುದೂ ನಿಜ. ಬೆಳಗಾವಿ ಜಿಲ್ಲೆಯಲ್ಲಿ ಮಾಜಿ ದೇವದಾಸಿಯರೇ ಸಂಘ ಕಟ್ಟಿಕೊಂಡು ಮನೆಮನೆಗೆ ಹೋಗಬೇಕಾಯಿತು.

ಮಠಗಳು ರಾಜಕಾರಣಿಗಳಿಂದ ದೂರ ಇರಬಲ್ಲವೇ ಎಂದು ತಾವು ಕೇಳಿಲ್ಲ, ಆದರೂ ಹೇಳುತ್ತೇನೆ. ನಮ್ಮ ಭಾಗದಲ್ಲಿ ಶಾಲೆ, ಪ್ರಸಾದ ನಿಲಯ, ಆಸ್ಪತ್ರೆಗಳನ್ನು ಕಟ್ಟಿದವರಲ್ಲಿ ಧರ್ಮನಿಷ್ಠರ ಪಾಲು ದೊಡ್ಡದು. ಧರ್ಮ ಸಾರ್ವಜನಿಕ ಬದುಕಿನಿಂದಲೇ ಹೊರಗಿರಬೇಕು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅಧಿಕಾರದೊಂದಿಗೆ ಇಡಬೇಕಾದ ಅಂತರವನ್ನು ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರು ತೋರಿಸಿಕೊಟ್ಟರು. 2018ರಲ್ಲಿ ಕೇಂದ್ರ ಸರ್ಕಾರ ಪದ್ಮಶ್ರೀ ಘೋಷಿಸಿದಾಗ, ಸಂನ್ಯಾಸಿಗೆ ಪ್ರಶಸ್ತಿ ಬೇಕಿಲ್ಲವೆಂದು ವಿನಯದಿಂದ ಪ್ರಧಾನಿಗೆ ಪತ್ರ ಬರೆದು ಬೇಡವೆಂದರು. ತಮಗೆ ಸ್ಮಾರಕ ಬೇಡವೆಂದೂ ಮೊದಲೇ ಬರೆದಿಟ್ಟಿದ್ದರು. 2023ರ ಜನವರಿಯಲ್ಲಿ ಅವರು ಲಿಂಗೈಕ್ಯರಾದಾಗ ಸರ್ಕಾರ ಮಾತ್ರ ಸಕಲ ಸರ್ಕಾರಿ ಗೌರವವನ್ನು ಕೊಟ್ಟೇ ಕೊಟ್ಟಿತು. ಬೇಡವೆಂದವರನ್ನೂ ಬಿಡದಿರುವುದು ಸರ್ಕಾರದ ಸ್ವಭಾವವೆಂದು ಕಾಣುತ್ತದೆ.

ಮೊಮ್ಮಗನ ಜೊತೆ ಧರ್ಮದ ಮೇಲೆ ವಾದಕ್ಕೆ ಕೂಡಬೇಡಿ, ಆ ಭಾಷಣಗಳು ಅದನ್ನೇ ಬಯಸುತ್ತವೆ. ಅವನಿಗೆ ಒಂದೇ ಪ್ರಶ್ನೆ ಕೇಳಿ: ಸರ್ಕಾರಕ್ಕೆ ಧರ್ಮ ಬೇಕೆಂದರೆ, ಯಾರ ವ್ಯಾಖ್ಯೆಯ ಧರ್ಮ? ಅವನಿಗೆ 2017-18ರ ಗದ್ದಲ ಮಸುಕಾಗಿ ನೆನಪಿರಬಹುದು, ತಮಗೆ ಚೆನ್ನಾಗಿ ನೆನಪಿದೆ. ಲಿಂಗಾಯತ ಸ್ವತಂತ್ರ ಧರ್ಮವೇ, ವೀರಶೈವವೂ ಅದೂ ಒಂದೆಯೇ ಎಂಬ ಪ್ರಶ್ನೆಯ ಮೇಲೆ ಸಮಿತಿ ಕೂತು, 2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಕೇಂದ್ರಕ್ಕೆ ಶಿಫಾರಸು ಕಳಿಸಿದಾಗ, ಚುನಾವಣೆಯೂ ಎದುರಿಗಿದ್ದುದರಿಂದ, ನಮ್ಮ ಜಿಲ್ಲೆಗಳ ಎಷ್ಟೋ ಮನೆಗಳಲ್ಲಿ ಅಣ್ಣತಮ್ಮಂದಿರೇ ಮಾತು ಬಿಟ್ಟಿದ್ದರು. ಯಾರ ವಾದ ಸರಿ ಎಂಬುದು ಇಲ್ಲಿ ನನ್ನ ವಿಷಯವಲ್ಲ. ವಿದ್ವಾಂಸರ ಮಟ್ಟದಲ್ಲಿ ನೂರು ವರ್ಷ ತಣ್ಣಗೆ ನಡೆಯಬಹುದಾದ ಚರ್ಚೆಗೆ ಸರ್ಕಾರದ ಮುದ್ರೆ ಬೀಳುತ್ತದೆ ಎಂದಾಗ ಅದು ಎಷ್ಟು ಬೇಗ ಕಾದಿತು ಎಂಬುದನ್ನು ನೆನಪಿಸಿ. ಜಫರುಲ್ಲಾ ಖಾನರ ಕಥೆಯನ್ನು ಆಮೇಲೆ ಹೇಳಿದರೆ ಅವನಿಗೆ ಅದು ಪರದೇಶದ ಕಥೆಯಂತೆ ಕೇಳಿಸುವುದಿಲ್ಲ. ಕೈಯಲ್ಲಿ ಕಾನೂನಿನ ಅಸ್ತ್ರವೂ ಇರಲಿ: ಧರ್ಮದ ಹೆಸರಿನಲ್ಲಿ ಮತ ಕೇಳುವುದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123(3)ನೆಯ ಕಲಮಿನಡಿ ಭ್ರಷ್ಟ ಆಚರಣೆ, ಪೂಜಾಸ್ಥಳವನ್ನು ರಾಜಕೀಯ ಚಟುವಟಿಕೆಗೆ ಬಳಸುವುದು 1988ರ ಕಾಯ್ದೆಯ ಪ್ರಕಾರ ಐದು ವರ್ಷಗಳವರೆಗಿನ ಶಿಕ್ಷೆಗೆ ಗುರಿಯಾಗುವ ಅಪರಾಧ. ಎರಡೂ ಕಾಯ್ದೆಗಳು ಎಲ್ಲ ಧರ್ಮದವರಿಗೂ ಒಂದೇ.

ಉಳಿದದ್ದು ಕಚೇರಿಯ ಆಯುಧಪೂಜೆ. ಇದಕ್ಕಾಗಿ ಯಾರ ಮೇಲೂ ದೂರು ಕೊಡಲು ನಾನು ಸಲಹೆ ಮಾಡುವುದಿಲ್ಲ. ಜೀಪಿಗೆ ಹಾರ ಹಾಕಿ ಕುಂಬಳಕಾಯಿ ಒಡೆಯುವುದರಿಂದ ಸರ್ಕಾರ ಒಂದು ಧರ್ಮಕ್ಕೆ ಸೇರಿಬಿಡುವುದಿಲ್ಲ. ತೆರಿಗೆಯ ಸಣ್ಣ ಪಾಲೊಂದು ಧಾರ್ಮಿಕ ಕೆಲಸಕ್ಕೆ ಹೋದ ಮಾತ್ರಕ್ಕೆ 27ನೆಯ ವಿಧಿಯ ಉಲ್ಲಂಘನೆಯಾಗದು ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹಜ್ ಸಹಾಯಧನದ ಮೊಕದ್ದಮೆಯಲ್ಲಿ ಹೇಳಿದ್ದು ಇಲ್ಲಿಗೂ ಹೊಂದುತ್ತದೆ. ಸಿಬ್ಬಂದಿ ತಮ್ಮ ಕೈಯಿಂದ ಪಟ್ಟಿ ಎತ್ತಿ ಮಾಡಿಕೊಳ್ಳಲಿ, ಬೇಡವೆಂದ ನೌಕರನಿಂದ ಪಟ್ಟಿ ಕೇಳದಿರಲಿ. ನೋಡಬೇಕಾದದ್ದು ಹಬ್ಬದ ಮರುದಿನವನ್ನು. ಅರ್ಜಿ ಹಿಡಿದು ಬಂದವನ ಹೆಸರು ಓದಿ, ಟೋಪಿಯನ್ನೋ ವಿಭೂತಿಯನ್ನೋ ನೋಡಿ ಕಡತ ನಿಧಾನವಾಗುತ್ತಿದೆ ಎಂದು ತಮಗೆ ಅನ್ನಿಸಿದರೆ, ಅವನ ಜೊತೆ ಕೌಂಟರಿಗೆ ಹೋಗಿ, ಸರ್ಕಾರಿ ಸೇವೆಯನ್ನು ಗೊತ್ತುಪಡಿಸಿದ ಅವಧಿಯೊಳಗೆ ಕೊಡಬೇಕೆನ್ನುವ ಸಕಾಲ ಯೋಜನೆಯ ಸ್ವೀಕೃತಿ ಸಂಖ್ಯೆಯನ್ನು ಕೇಳಿ ಪಡೆಯಿರಿ. ಅವಧಿ ಮೀರಿದರೆ ಮೇಲಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು; ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೊಡಬೇಕು, ಅದನ್ನು ತಡಮಾಡಿದ ಅಧಿಕಾರಿಯ ಸಂಬಳದಿಂದ ವಸೂಲು ಮಾಡಲಾಗುತ್ತದೆ. ಆ ಅರ್ಜಿಯನ್ನು ಬರೆದುಕೊಡುವ ಕೆಲಸವನ್ನು ಮೊಮ್ಮಗನಿಗೇ ಹಚ್ಚಿ.